ನೋಡೋ ಪರದೆ, ಬರೆಯೋ ಪರದೆ

ಡಿಜಿಟಲ್ ಚಿತ್ರ ಬರೆಯೋಕೆ ಶುರು ಮಾಡಿದವರಿಗೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆ ಎದುರಾಗುತ್ತೆ. ಪೆನ್ ಟ್ಯಾಬ್ಲೆಟ್ ತಗೊಂಡಾಯ್ತು, ಕೈ ಸ್ವಲ್ಪ ಪಳಗಿದ್ದೂ ಆಯ್ತು. ಈಗ ಲ್ಯಾಪ್‌ಟಾಪ್ ಪರದೆ ಚಿಕ್ಕದು ಅನ್ನಿಸ್ತಿದೆ. ದೊಡ್ಡದೊಂದು ಪರದೆ ಬೇಕು ಅಂತ ಹಬ್ಬದ ಸೇಲ್‌ನಲ್ಲಿ ಹುಡುಕಿದರೆ, 27 ಇಂಚಿನ ಒಳ್ಳೆ ಮಾನಿಟರ್‌ಗೆ ಕೇಳೋ ದುಡ್ಡಿಗೆ 43 ಇಂಚಿನ ಟಿವಿ ಸಿಗುತ್ತೆ. ಎರಡೂ 4ಕೆ. ಎರಡಕ್ಕೂ ಎಚ್‌ಡಿಎಂಐ ಕೇಬಲ್ ಹಾಕಬಹುದು. ಟಿವಿಯಲ್ಲಿ ಸಂಜೆ ಮ್ಯಾಚ್ ನೋಡಬಹುದು, ರಾತ್ರಿ ಸಿನಿಮಾ ನೋಡಬಹುದು. ಬಾಡಿಗೆ ಮನೆಯ ಒಂದೇ ಕೋಣೆಯಲ್ಲಿ ಎರಡೆರಡು ಪರದೆ ಯಾಕೆ ಇಡೋದು? ಪ್ರಶ್ನೆ ನ್ಯಾಯವಾಗೇ ಇದೆ.

ಬರೀ ಉತ್ತರ ಸಾಕು ಅನ್ನೋರಿಗೆ ಒಂದು ಪದ ಹೇಳಿಬಿಡ್ತೀನಿ: ಮಾನಿಟರ್. ಆದರೆ ಆ ಒಂದು ಪದ ಹಿಡ್ಕೊಂಡು ಹೋದರೆ ಮುಂದಿನ ವರ್ಷ ಹೊಸ ಮಾಡೆಲ್‌ಗಳು ಬಂದಾಗ ಮತ್ತೆ ಅದೇ ಗೊಂದಲ. ಈ ಎರಡು ಪರದೆಗಳ ಸ್ವಭಾವ ಯಾಕೆ ಬೇರೆಬೇರೆ ಅಂತ ಗೊತ್ತಾದರೆ, ಯಾವ ಸಂದರ್ಭದಲ್ಲಿ ಟಿವಿಯೂ ನಡೆಯುತ್ತೆ ಅನ್ನೋದೂ ಗೊತ್ತಾಗುತ್ತೆ. ಅದಕ್ಕೆ ಸ್ವಲ್ಪ ಚರಿತ್ರೆ ಬೇಕು. ಟಿವಿಯ ಸೆಟ್ಟಿಂಗ್ಸ್ ಮೆನುವಿನಲ್ಲಿ ಕೂತಿರೋ ಎಷ್ಟೋ ಆಯ್ಕೆಗಳು ಒಂದೊಂದು ದಶಕದ ಪಳೆಯುಳಿಕೆಗಳು.

ಟಿವಿ ಹುಟ್ಟಿನಿಂದಲೇ ದೂರದಿಂದ ನೋಡೋ ವಸ್ತು. ‘ಅಷ್ಟು ಹತ್ತಿರ ಕೂತ್ಕೋಬೇಡ, ಕಣ್ಣು ಹಾಳಾಗುತ್ತೆ’ ಅಂತ ನಮ್ಮ ಅಮ್ಮಂದಿರು ಬೈತಿದ್ದರಲ್ಲ, ಟಿವಿ ರೂಪಿಸಿದ ಇಂಜಿನಿಯರ್‌ಗಳ ಲೆಕ್ಕವೂ ಅದೇ ಆಗಿತ್ತು: ನೋಡೋರು ಕೋಣೆಯ ಆಚೆ ತುದಿಯಲ್ಲಿ ಕೂತಿರ್ತಾರೆ. 1941ರಲ್ಲಿ ಅಮೆರಿಕ ಒಪ್ಪಿಕೊಂಡ ಮಟ್ಟದ ಪ್ರಕಾರ ಒಂದು ಚಿತ್ರಕ್ಕೆ 525 ಗೆರೆಗಳು, ಸೆಕೆಂಡಿಗೆ 30 ಚಿತ್ರಗಳು. ಆದರೆ ಒಂದು ಚಿತ್ರವನ್ನು ಒಂದೇ ಸಲ ಕಳಿಸುತ್ತಿರಲಿಲ್ಲ. ಮೊದಲು ಬೆಸ ಗೆರೆಗಳು, ಆಮೇಲೆ ಸರಿ ಗೆರೆಗಳು, ಹೀಗೆ ಎರಡು ಕಂತು. ಎಲ್ಲ ಗೆರೆಗಳನ್ನೂ ಸೆಕೆಂಡಿಗೆ 60 ಸಲ ಕಳಿಸಬೇಕಾದರೆ ಗಾಳಿಯಲ್ಲಿ ಎರಡು ಪಟ್ಟು ಜಾಗ, ಅಂದ್ರೆ ಬ್ಯಾಂಡ್‌ವಿಡ್ತ್ ಬೇಕಾಗುತ್ತಿತ್ತು. ದೂರದಿಂದ ನೋಡೋ ಕಣ್ಣು ಎರಡೂ ಕಂತನ್ನು ತಾನೇ ಸೇರಿಸಿಕೊಳ್ಳುತ್ತೆ, ಹಾಗಾಗಿ ನಡೀತಿತ್ತು. ನಮ್ಮ ದೂರದರ್ಶನ ಅನುಸರಿಸಿದ್ದು 625 ಗೆರೆಗಳ, ಸೆಕೆಂಡಿಗೆ 25 ಚಿತ್ರಗಳ ಪದ್ಧತಿ. ಅಲ್ಲೂ ಇದೇ ಎರಡು ಕಂತಿನ ಉಪಾಯ. ತೊಂದರೆ ಎಲ್ಲಿ ಅಂದರೆ, ಒಂದೇ ಗೆರೆಯಷ್ಟು ತೆಳ್ಳಗಿನ ಅಡ್ಡರೇಖೆ ಒಂದು ಕಂತಿನಲ್ಲಿ ಇರುತ್ತೆ, ಇನ್ನೊಂದರಲ್ಲಿ ಇರೋದಿಲ್ಲ. ಹತ್ತಿರದಿಂದ ನೋಡಿದರೆ ಅದು ನಡುಗುತ್ತೆ.

ಬಣ್ಣ ಬಂದದ್ದು ಆಮೇಲೆ. 1953ರಲ್ಲಿ ಅಮೆರಿಕದಲ್ಲಿ ಬಣ್ಣದ ಪ್ರಸಾರಕ್ಕೆ ಒಪ್ಪಿಗೆ ಸಿಕ್ಕಾಗ ಜನರ ಮನೆಗಳಲ್ಲಿ ಆಗಲೇ ಲಕ್ಷಾಂತರ ಕಪ್ಪು-ಬಿಳುಪು ಸೆಟ್‌ಗಳಿದ್ದವು. ಅವು ಒಂದೇ ರಾತ್ರಿಯಲ್ಲಿ ಗುಜರಿಗೆ ಹೋಗಬಾರದು. ಹಾಗಾಗಿ ಹೊಳಪಿನ ಸಂಕೇತವನ್ನು ಹಳೆಯ ರೀತಿಯಲ್ಲೇ ಉಳಿಸಿ, ಬಣ್ಣದ ಮಾಹಿತಿಯನ್ನು ಅದರ ಸಂದಿಯಲ್ಲೇ ತುರುಕಿದರು. ಹೊಳಪಿಗೆ ಸಿಕ್ಕ ಜಾಗದ ಮೂರನೇ ಒಂದು ಭಾಗವೂ ಬಣ್ಣಕ್ಕೆ ಸಿಗಲಿಲ್ಲ. ಇದೂ ಕಣ್ಣಿನ ಸ್ವಭಾವ ನೋಡಿಯೇ ಮಾಡಿದ ಹಂಚಿಕೆ. ಬೆಳಕು-ನೆರಳಿನ ಸೂಕ್ಷ್ಮವನ್ನು ನಾವು ಚೆನ್ನಾಗಿ ಗುರುತಿಸ್ತೀವಿ, ಬಣ್ಣದ ಸೂಕ್ಷ್ಮವನ್ನು ಅಷ್ಟು ಗುರುತಿಸೋದಿಲ್ಲ. ಮನೆ ಮುಂದಿನ ರಂಗೋಲಿಯನ್ನೇ ನೆನೆಸಿಕೊಳ್ಳಿ. ಗೆರೆ ಚೂಪಾಗಿದ್ದರೆ ಸಾಕು, ಒಳಗೆ ತುಂಬಿದ ಬಣ್ಣದ ಪುಡಿ ಅಲ್ಲಲ್ಲಿ ಗೆರೆ ದಾಟಿದ್ದರೂ ಮಹಡಿ ಮೇಲಿಂದ ನೋಡೋರಿಗೆ ಗೊತ್ತಾಗೋದಿಲ್ಲ. ಆದರೆ ಬಗ್ಗಿ ರಂಗೋಲಿ ಬಿಡೋರ ಕಣ್ಣಿಗೆ ಅದು ಕಾಣುತ್ತೆ. ಟಿವಿ ರೂಪುಗೊಂಡಿದ್ದು ಮಹಡಿ ಮೇಲಿನವರಿಗಾಗಿ.

ಮೂರನೆಯದು ಅಂಚಿನ ಕಥೆ. ಹಳೆಯ ಚಿತ್ರ ಕೊಳವೆಗಳ ಮೂಲೆಗಳು ದುಂಡಗಿದ್ದವು. ಒಳಗಿನ ಬಿಡಿಭಾಗಗಳು ಹಳತಾದಂತೆ, ವೋಲ್ಟೇಜ್ ಏರಿಳಿದಂತೆ ಚಿತ್ರದ ಅಳತೆಯೂ ಸ್ವಲ್ಪ ಹಿಗ್ಗಿ ಕುಗ್ಗುತ್ತಿತ್ತು. ಅಂಚಿನಲ್ಲಿ ಕಪ್ಪು ಪಟ್ಟಿ ಕಂಡರೆ ಗಿರಾಕಿ ದೂರು ಕೊಡ್ತಾನೆ. ಅದಕ್ಕೆ ಚಿತ್ರವನ್ನೇ ಪರದೆಗಿಂತ ಸ್ವಲ್ಪ ದೊಡ್ಡದಾಗಿ ಮೂಡಿಸಿ ಅಂಚುಗಳನ್ನು ಚೌಕಟ್ಟಿನ ಹಿಂದೆ ಅಡಗಿಸಿದರು. ಇದಕ್ಕೆ ಓವರ್‌ಸ್ಕ್ಯಾನ್ ಅಂತ ಹೆಸರು. ಟಿವಿಗೆ ಅಕ್ಷರ ಕೂರಿಸೋರು ಅಂಚಿನಿಂದ ದೂರ ಇರಬೇಕು ಅನ್ನೋ ನಿಯಮ ಹುಟ್ಟಿದ್ದು ಹೀಗೆ.

ನಡುಗೋ ಗೆರೆ, ಹರಡೋ ಬಣ್ಣ, ಕಾಣದ ಅಂಚು. ಚಿತ್ರ ಬರೆಯೋಕೆ ಇದಕ್ಕಿಂತ ಕೆಟ್ಟ ಹಾಳೆ ಬೇಕಾ? ಆದರೂ ಕಂಪ್ಯೂಟರಿನಲ್ಲಿ ಬಣ್ಣ ಬಳಿದ ಮೊದಮೊದಲ ಕಲಾವಿದರು ಆರಿಸಿಕೊಂಡಿದ್ದು ಟಿವಿಯನ್ನೇ. ಯಾಕೆ ಅನ್ನೋದು ಈ ಕಥೆಯ ಸ್ವಾರಸ್ಯದ ಭಾಗ.

ಜಾಗ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊ, ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರ. ಪಾರ್ಕ್ ಅಂತ ಅದರ ಚುಟುಕು ಹೆಸರು. ವರ್ಷ 1973. ಒಂದೇ ಸಂಸ್ಥೆಯೊಳಗೆ ಆ ವರ್ಷ ಎರಡು ಯಂತ್ರಗಳು ಕಣ್ಣು ಬಿಟ್ಟವು.

ಒಂದು ಆಲ್ಟೊ. ಇವತ್ತಿನ ಪರ್ಸನಲ್ ಕಂಪ್ಯೂಟರಿನ ಮುತ್ತಜ್ಜ ಅನ್ನಬಹುದು. ಅದರ ಪರದೆ ಅಗಲಕ್ಕಿಂತ ಉದ್ದ ಜಾಸ್ತಿ, ಥೇಟ್ ಕಾಗದದ ಹಾಳೆ ನಿಲ್ಲಿಸಿದ ಹಾಗೆ. ಅಡ್ಡಕ್ಕೆ 606, ಉದ್ದಕ್ಕೆ 808 ಚುಕ್ಕೆಗಳು. ಪ್ರತಿ ಚುಕ್ಕೆಯೂ ಕಪ್ಪು ಇಲ್ಲವೇ ಬಿಳಿ, ನಡುವೆ ಬೂದು ಬಣ್ಣವೂ ಇಲ್ಲ. ಕೊಳವೆಯ ತಂತ್ರ ಟಿವಿ ವಂಶದ್ದೇ. ಆದರೆ ಉದ್ದೇಶ ಕಚೇರಿಯ ಕಾಗದ ಪತ್ರ: ಮೇಜಿನ ಮೇಲೆ ಕೈಯಳತೆಯಲ್ಲಿಟ್ಟುಕೊಂಡು ಓದೋದು, ಬರೆಯೋದು, ತಿದ್ದೋದು. ಜೆರಾಕ್ಸ್ ಕಾಗದದ ಕಂಪನಿ ತಾನೇ.

ಇನ್ನೊಂದು ಸೂಪರ್‌ಪೇಂಟ್. ಅದನ್ನು ಕಟ್ಟಿದ್ದು ರಿಚರ್ಡ್ ಶೌಪ್ ಅನ್ನೋ ಇಂಜಿನಿಯರ್. ಚಿತ್ರದ ಪ್ರತಿಯೊಂದು ಚುಕ್ಕೆಯ ಬಣ್ಣವನ್ನೂ ನೆನಪಿಡೋ ‘ಫ್ರೇಮ್ ಬಫರ್’ ಅನ್ನೋ ಸ್ಮರಣೆಯ ಪೆಟ್ಟಿಗೆ ಅದರ ಹೃದಯ. 640ಕ್ಕೆ 486 ಚುಕ್ಕೆಗಳು, ಒಂದೊಂದಕ್ಕೂ 8 ಬಿಟ್. ಅಂದ್ರೆ ಒಂದು ಚಿತ್ರದಲ್ಲಿ 256 ಬಣ್ಣ. ಇದಕ್ಕೆ 3,11,040 ಬೈಟ್ ಸ್ಮರಣೆ ಬೇಕಾಯ್ತು. ಆಲ್ಟೊದ ಪೂರ್ತಿ ಪರದೆಗೆ ಬೇಕಾಗಿದ್ದು ಸುಮಾರು 61,000 ಬೈಟ್. ಐದು ಪಟ್ಟು ಫರಕು. ಇವತ್ತು ವಾಟ್ಸಾಪ್‌ನ ಒಂದು ಗುಡ್ ಮಾರ್ನಿಂಗ್ ಚಿತ್ರಕ್ಕೆ ಸಾಕಾಗದಷ್ಟು ಸ್ಮರಣೆ, ಆದರೆ ಅವತ್ತು ಅದು ಬೀರುವಿನ ಗಾತ್ರದ ಖರ್ಚಿನ ಬಾಬ್ತು.

640ಕ್ಕೆ 486 ಅನ್ನೋ ಲೆಕ್ಕ ಶೌಪ್‌ಗೆ ಆಕಾಶದಿಂದ ಬಿದ್ದದ್ದಲ್ಲ. 525 ಗೆರೆಗಳ ಅಮೆರಿಕನ್ ಟಿವಿಯಲ್ಲಿ ನಿಜಕ್ಕೂ ಚಿತ್ರ ಇರೋದು ಹೆಚ್ಚುಕಡಿಮೆ ಅಷ್ಟೇ ಗೆರೆಗಳಲ್ಲಿ. ಉಳಿದವು ಎಲೆಕ್ಟ್ರಾನ್ ಕಿರಣ ಕೆಳಗಿಂದ ವಾಪಸ್ ಮೇಲಕ್ಕೆ ಹೋಗೋ ಹೊತ್ತಿನವು. ಶೌಪ್ ತನ್ನ ಯಂತ್ರವನ್ನು ಪೂರ್ತಿಯಾಗಿ ಟಿವಿಯ ತಾಳಕ್ಕೆ ಕುಣಿಯೋ ಹಾಗೆ ಕಟ್ಟಿದ್ದರು. ಅದರ ಸ್ಮರಣೆಯಲ್ಲಿದ್ದ ಚುಕ್ಕೆಗಳು ಟಿವಿಯ ಕಿರಣ ಓಡೋ ವೇಗದಲ್ಲೇ ಸುತ್ತುತ್ತಾ ಇರ್ತಿದ್ದವು. ಹೀಗೆ ಮಾಡಿದ್ದಕ್ಕೆ ಎರಡು ಲಾಭ. ಒಂದು, ಕ್ಯಾಮೆರಾದಿಂದ ಬಂದ ಚಿತ್ರವನ್ನು ನೇರವಾಗಿ ಒಳಗೆ ತಗೊಂಡು ಅದರ ಮೇಲೆ ಬರೆಯಬಹುದು. ಎರಡು, ಬರೆದದ್ದನ್ನು ನೇರವಾಗಿ ವಿಡಿಯೊ ಟೇಪಿಗೆ ಇಳಿಸಬಹುದು, ಪ್ರಸಾರ ಮಾಡಬಹುದು. 1973ರಲ್ಲಿ ಬಣ್ಣದ ಡಿಜಿಟಲ್ ಚಿತ್ರವನ್ನು ಜನಕ್ಕೆ ತಲುಪಿಸೋಕೆ ಬೇರೆ ದಾರಿ ಎಲ್ಲಿತ್ತು? ಬಣ್ಣದ ಪ್ರಿಂಟರ್ ಮನೆಗಳಲ್ಲಿಲ್ಲ, ಇಂಟರ್ನೆಟ್ ಇಲ್ಲ, ಫೋನಿಗೆ ಪರದೆಯೇ ಇಲ್ಲ. ನೋಡೋರು ಇದ್ದದ್ದು ಟಿವಿ ಮುಂದೆ.

ಮುಂದಿನ ವರ್ಷ ಆಲ್ವಿ ರೇ ಸ್ಮಿತ್ ಅಲ್ಲಿಗೆ ಬಂದರು. ಗಣಿತ, ಕಂಪ್ಯೂಟರ್ ಎರಡೂ ಬಲ್ಲ, ಜೊತೆಗೆ ಚಿತ್ರ ಬರೆಯೋ ಮನುಷ್ಯ. ಕಂಪನಿಗೆ ಕಲಾವಿದರನ್ನು ನೌಕರಿಗೆ ತಗೊಳ್ಳೋ ಲೆಕ್ಕದ ಶೀರ್ಷಿಕೆ ಇರಲಿಲ್ಲವಂತೆ. ಹಾಗಾಗಿ ಕುರ್ಚಿ ಮೇಜು ತರಿಸೋ ಹಾಗೆ ಪರ್ಚೇಸ್ ಆರ್ಡರ್ ಮೇಲೆ ಅವರನ್ನು ತರಿಸಿಕೊಂಡರು. ಸೂಪರ್‌ಪೇಂಟ್ ಮುಂದೆ ಕೂತ ಸ್ಮಿತ್‌ಗೆ ಒಂದು ಕೊರತೆ ಕಂಡಿತು. ಯಂತ್ರಕ್ಕೆ ಬಣ್ಣ ಅಂದರೆ ಕೆಂಪು, ಹಸಿರು, ನೀಲಿ ಬೆಳಕಿನ ಮೂರು ಅಂಕಿ. ಚಿತ್ರಗಾರ ಹಾಗೆ ಯೋಚನೆ ಮಾಡ್ತಾನಾ? ‘ಇದೇ ಕೆಂಪು, ಸ್ವಲ್ಪ ಮಾಸಲಾಗಿ, ಸ್ವಲ್ಪ ಗಾಢವಾಗಿ’ ಅಂತ ಯೋಚಿಸ್ತಾನೆ. ಸ್ಮಿತ್ ಬಣ್ಣವನ್ನು ವರ್ಣ, ಸಾಂದ್ರತೆ, ಹೊಳಪು ಅಂತ ಮೂರಾಗಿ ಬಿಡಿಸೋ ಲೆಕ್ಕ ಕೊಟ್ಟರು. ಎಚ್‌ಎಸ್‌ವಿ ಅಂತ ಅದರ ಹೆಸರು. ನಿಮ್ಮ ಪೇಂಟಿಂಗ್ ಆ್ಯಪ್‌ನಲ್ಲಿ ಬಣ್ಣ ಆರಿಸೋಕೆ ಚಕ್ರ, ಅದರೊಳಗೊಂದು ಚೌಕ ಬರುತ್ತಲ್ಲ, ಅದರ ಮೂಲ ಇಲ್ಲಿದೆ. ಟಿವಿ ಪರದೆ ಮುಂದೆ ಕೂತ ಒಬ್ಬ ಕಲಾವಿದನ ಅಗತ್ಯದಿಂದ ಹುಟ್ಟಿದ್ದು ಅದು.

ಆದರೆ ಕಂಪನಿ ಆರಿಸಿಕೊಂಡಿದ್ದು ಆಲ್ಟೊವನ್ನು. ಮುಂದಿನ ಕಚೇರಿ ಕಪ್ಪು-ಬಿಳುಪಿನದು, ಬಣ್ಣ ನಮಗೆ ಬೇಡ ಅನ್ನೋ ತೀರ್ಮಾನವಾಯ್ತು. 1975ರ ಆರಂಭದಲ್ಲಿ ಸ್ಮಿತ್ ಹೊರಗೆ ಬಿದ್ದರು. ಪರ್ಚೇಸ್ ಆರ್ಡರ್ ಮೇಲೆ ಬಂದವರನ್ನು ಕಳಿಸೋದು ಸುಲಭ. ಶೌಪ್ ಕೆಲವು ವರ್ಷ ಉಳಿದರು. 1978ರಲ್ಲಿ ನಾಸಾದ ಪಯೊನೀರ್ ವೀನಸ್ ಯಾನದ ಹೊತ್ತಿಗೆ ಟಿವಿಯಲ್ಲಿ ತೋರಿಸೋ ಚಿತ್ರಗಳನ್ನು ಸೂಪರ್‌ಪೇಂಟ್‌ನಲ್ಲೇ ಮಾಡಿದರು. ಮರುವರ್ಷ ಶೌಪ್ ಕೂಡ ಹೊರಬಂದು ಅರೋರಾ ಸಿಸ್ಟಮ್ಸ್ ಅನ್ನೋ ಸ್ವಂತ ಕಂಪನಿ ಕಟ್ಟಿದರು.

ಈ ತೀರ್ಮಾನವನ್ನು ದಡ್ಡತನ ಅಂತ ನಗೋದು ಸುಲಭ. ಆದರೆ ಕಂಪನಿಯ ಕಡೆಯಿಂದಲೂ ನೋಡಬೇಕು. ಅಕ್ಷರ ಓದೋಕೆ ಬೇಕಾದ್ದು ಅಲುಗದ, ಚೂಪಾದ ಚುಕ್ಕೆ. ಟಿವಿಯ ಬಣ್ಣದ ಪರದೆಯಲ್ಲಿ ಹಾಳೆಗಟ್ಟಲೆ ಅಕ್ಷರ ಓದೋದು ಕಷ್ಟದ ಕೆಲಸವೇ. ಒಂದೇ ಪರದೆ ಎರಡೂ ಕೆಲಸ ಮಾಡೋದು ಆಗ ಆಗುತ್ತಿರಲಿಲ್ಲ. ಹೀಗೆ ಒಂದೇ ಸಂಸ್ಥೆಯಲ್ಲಿ ದಾರಿ ಕವಲೊಡೆಯಿತು. ಅಕ್ಷರ ಬರೆಯೋರಿಗೆ ಬಣ್ಣವಿಲ್ಲದ ಚೂಪು ಪರದೆ, ಚಿತ್ರ ಬರೆಯೋರಿಗೆ ಮಸುಕಾದ ಬಣ್ಣದ ಪರದೆ. ಕನ್ನಡದಲ್ಲಿ ನಾವು ಅಕ್ಷರವನ್ನೂ ‘ಬರೆ’ಯುತ್ತೇವೆ, ಚಿತ್ರವನ್ನೂ ‘ಬರೆ’ಯುತ್ತೇವೆ. ಆ ಕಾಲದ ಯಂತ್ರಗಳಿಗೆ ಅವು ಎರಡು ಬೇರೆ ಕಸುಬು.

ಇಷ್ಟಾದ ಮೇಲೆ ಚಿತ್ರದ ಕಸುಬು ಸುಮಾರು ಹದಿನೈದು ವರ್ಷ ಟಿವಿಯ ಮನೆಯಲ್ಲೇ ಬೆಳೆಯಿತು. 1981ರಲ್ಲಿ ಇಂಗ್ಲೆಂಡಿನ ಕ್ವಾಂಟೆಲ್ ಕಂಪನಿ ಪೇಂಟ್‌ಬಾಕ್ಸ್ ಅನ್ನೋ ಯಂತ್ರ ತಂದಿತು. ಒಬ್ಬ ಕಲಾವಿದ ಸ್ವಂತಕ್ಕೆ ಕೊಳ್ಳೋ ಬೆಲೆಯದಲ್ಲ. ಟಿವಿ ಕೇಂದ್ರಗಳು ಕೊಂಡವು. ಪೆನ್ ಎಷ್ಟು ಒತ್ತಿದ್ದಾರೆ ಅನ್ನೋದನ್ನೂ ಅದು ಗುರುತಿಸ್ತಿತ್ತು. ಗೆರೆಯ ಅಂಚುಗಳನ್ನು ಅದು ಮೆತ್ತಗೆ ಮಾಡುತ್ತಿತ್ತು. ಯಾಕೆ ಅಂತೀರಾ? ಟಿವಿಯಲ್ಲಿ ಚೂಪು ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತೆ, ತೆಳ್ಳನೆ ಗೆರೆ ನಡುಗುತ್ತೆ. ಅಂದ್ರೆ ಇವತ್ತಿನ ಡಿಜಿಟಲ್ ಬ್ರಷ್‌ನ ಮೃದುತ್ವಕ್ಕೂ ಟಿವಿಯ ದೌರ್ಬಲ್ಯಕ್ಕೂ ನಂಟಿದೆ. 1987ರಲ್ಲಿ ಬಿಬಿಸಿ ‘ಪೇಂಟಿಂಗ್ ವಿತ್ ಲೈಟ್’ ಅನ್ನೋ ಸರಣಿಯಲ್ಲಿ ಡೇವಿಡ್ ಹಾಕ್ನಿ, ರಿಚರ್ಡ್ ಹ್ಯಾಮಿಲ್ಟನ್ ಮೊದಲಾದ ಚಿತ್ರಕಾರರನ್ನು ಪೇಂಟ್‌ಬಾಕ್ಸ್ ಮುಂದೆ ಕೂರಿಸಿತು. ಅವರು ಬರೆದ ಚಿತ್ರವನ್ನು ಜನ ಅದೇ ಜಾತಿಯ ಪರದೆಯಲ್ಲಿ ಮನೆಯಲ್ಲಿ ಕೂತು ನೋಡಿದರು. ಕಲಾವಿದನ ಕಣ್ಣಿಗೆ ಕಂಡದ್ದೂ, ನೋಡುಗನ ಕಣ್ಣಿಗೆ ಬಿದ್ದದ್ದೂ ಹೆಚ್ಚುಕಡಿಮೆ ಒಂದೇ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಅಂದ ಹಾಗೆ, ಕ್ವಾಂಟೆಲ್ ಆಮೇಲೆ ಫೋಟೊಶಾಪ್ ಮಾಡಿದ ಅಡೋಬಿ ಮೇಲೆ ಪೇಟೆಂಟ್ ಮೊಕದ್ದಮೆ ಹೂಡಿತು. 1997ರಲ್ಲಿ ಅಮೆರಿಕದ ಡೆಲವೇರ್‌ನ ನ್ಯಾಯಾಲಯದಲ್ಲಿ ಕ್ವಾಂಟೆಲ್ ಸೋತಿತು. ಇದಕ್ಕಿಂತ ಮುಂಚೆಯೇ ಇಂಥ ಕೆಲಸ ನಡೆದಿತ್ತು ಅಂತ ತೋರಿಸೋಕೆ ಬಂದ ಪುರಾವೆಗಳಲ್ಲಿ ಸೂಪರ್‌ಪೇಂಟ್ ಕೂಡ ಇತ್ತು. ಯಾರಿಗೂ ಬೇಡವಾಗಿದ್ದ ಯಂತ್ರ ಕೊನೆಗೆ ಎಲ್ಲರ ಕುಂಚವನ್ನೂ ಕಾಪಾಡಿತು. 1998ರಲ್ಲಿ ಶೌಪ್, ಸ್ಮಿತ್ ಮತ್ತು ಥಾಮಸ್ ಪೋರ್ಟರ್ ಅವರಿಗೆ ಡಿಜಿಟಲ್ ಪೇಂಟ್ ವ್ಯವಸ್ಥೆಗಳಿಗಾಗಿ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ಸಿಕ್ಕಿತು. ಸ್ಮಿತ್ ಅಷ್ಟರಲ್ಲಿ ಪಿಕ್ಸಾರ್ ಸ್ಥಾಪಕರಲ್ಲೊಬ್ಬರು ಅಂತ ಹೆಸರಾಗಿದ್ದರು.

ಮನೆಯ ಕಂಪ್ಯೂಟರ್‌ಗಳಲ್ಲೂ ಇದೇ ಕಥೆ. 1977ರ ಆ್ಯಪಲ್ 2, 1982ರ ಸ್ಪೆಕ್ಟ್ರಮ್ ಮನೆಯ ಟಿವಿಗೇ ಸಿಕ್ಕಿಸೋ ಹಾಗಿದ್ದವು. ಬೇರೆ ಪರದೆ ಕೊಳ್ಳೋ ಖರ್ಚು ಉಳೀತಿತ್ತು, ಇವತ್ತು ನೀವು ಯೋಚನೆ ಮಾಡ್ತಿರೋ ಹಾಗೇ. 1985ರ ಜುಲೈ 23ರಂದು ನ್ಯೂಯಾರ್ಕಿನ ಲಿಂಕನ್ ಸೆಂಟರಿನಲ್ಲಿ ಅಮಿಗ ಕಂಪ್ಯೂಟರ್ ಬಿಡುಗಡೆಯಾದಾಗ ಆ್ಯಂಡಿ ವಾರ್ಹೋಲ್ ವೇದಿಕೆ ಮೇಲೆ ಕೂತು ಗಾಯಕಿ ಡೆಬ್ಬಿ ಹ್ಯಾರಿಯ ಚಿತ್ರಕ್ಕೆ ಬಣ್ಣ ತುಂಬಿದರು. ಅಮಿಗದ ಗಡಿಯಾರವೇ ಟಿವಿಯ ಬಣ್ಣದ ಸಂಕೇತದ ಗುಣಕ. 4096 ಬಣ್ಣಗಳಿಂದ ಆರಿಸಿಕೊಳ್ಳಬಹುದಿತ್ತು, ವಿಡಿಯೊ ಮೇಲೆ ಅಕ್ಷರ ಕೂರಿಸೋದು ಸಲೀಸು. ಆದರೆ ಗೆರೆಗಳ ಸಂಖ್ಯೆ ಹೆಚ್ಚಿಸಿ ಸೂಕ್ಷ್ಮ ಕೆಲಸಕ್ಕೆ ಕೂತರೆ ಅದೇ ಎರಡು ಕಂತಿನ ನಡುಕ ಶುರು. ಆ ನಡುಕ ನಿಲ್ಲಿಸೋಕೆ ಅಂತಲೇ ಬೇರೆ ಸರ್ಕ್ಯೂಟ್ ಕೊಳ್ಳಬೇಕಾಗಿತ್ತು.

ಕೆಲವು ಜಾಣರು ಟಿವಿಯ ದೋಷವನ್ನೇ ಬಣ್ಣದ ಡಬ್ಬಿ ಮಾಡಿಕೊಂಡರು. 1991ರ ಸೋನಿಕ್ ಆಟದಲ್ಲಿ ಜಲಪಾತ ಇದೆ. ಆ ಯಂತ್ರಕ್ಕೆ ಪಾರದರ್ಶಕ ನೀರು ಮೂಡಿಸೋದು ಸುಲಭವಿರಲಿಲ್ಲ. ಒಂದು ಸಾಲು ನೀರು, ಒಂದು ಸಾಲು ಖಾಲಿ, ಹೀಗೆ ಲಂಬ ಪಟ್ಟಿಗಳನ್ನು ಬರೆದರು. ಹಳೆಯ ಕೇಬಲ್ಲಿನ ಟಿವಿಯಲ್ಲಿ ಬಣ್ಣ ಅಕ್ಕಪಕ್ಕ ಹರಡಿ, ಪಟ್ಟಿಗಳು ಬೆರೆತು, ಹಿಂದಿನ ಬಂಡೆ ಕಾಣೋ ನೀರಾಯ್ತು. ಅದೇ ಆಟವನ್ನು ಇವತ್ತು ಲ್ಯಾಪ್‌ಟಾಪಿನಲ್ಲಿ ಹಾಕಿ ನೋಡಿ, ಜಲಪಾತದ ಜಾಗದಲ್ಲಿ ಕಿಟಕಿ ಸರಳು ಕಾಣುತ್ತೆ. ಬರೆದವರ ತಪ್ಪಲ್ಲ. ಅವರು ಬರೆದ ಹಾಳೆಯೇ ಈಗ ಇಲ್ಲ.

ಅತ್ತ ಆಲ್ಟೊದ ವಂಶವೂ ಬೆಳೀತಿತ್ತು. 1984ರ ಮ್ಯಾಕಿಂತೋಷ್‌ನ 9 ಇಂಚಿನ ಪರದೆಯಲ್ಲಿ 512ಕ್ಕೆ 342 ಚುಕ್ಕೆ, ಕಪ್ಪು ಬಿಳುಪು ಮಾತ್ರ, ಆದರೆ ಪ್ರತಿ ಚುಕ್ಕೆಯೂ ಅಚ್ಚುಕಟ್ಟಾದ ಚೌಕ. ಟಿವಿಗಾಗಿ ಅಲ್ಲ, ಅಚ್ಚಿಗಾಗಿ ಮಾಡಿದ ಪರದೆ. 1987ರಲ್ಲಿ ಐಬಿಎಂ ತಂದ ವಿಜಿಎ 640ಕ್ಕೆ 480 ಚುಕ್ಕೆಗಳನ್ನು ಕಂತಿಲ್ಲದೆ, ಒಂದೇ ಓಟದಲ್ಲಿ, ಬಣ್ಣದಲ್ಲಿ ಮೂಡಿಸಿತು. ಅಂಕಿ ನೋಡಿ, ಹೆಚ್ಚುಕಡಿಮೆ ಸೂಪರ್‌ಪೇಂಟಿನದೇ. ಆದರೆ ನಡುಕವಿಲ್ಲ, ಬಣ್ಣ ಹರಡೋದಿಲ್ಲ. ಕಚೇರಿಯ ಚೂಪೂ ಟಿವಿಯ ಬಣ್ಣವೂ ಮೊದಲ ಬಾರಿಗೆ ಜನಸಾಮಾನ್ಯರ ಮೇಜಿನ ಮೇಲೆ ಒಂದಾದವು. ಅಲ್ಲಿಂದ ಡಿಜಿಟಲ್ ಕಲಾವಿದರು ನಿಧಾನಕ್ಕೆ ಟಿವಿ ಮನೆ ಖಾಲಿ ಮಾಡಿದರು.

ಹೋಗುವಾಗ ಒಂದು ಸಾಮಾನು ಜೊತೆಗೆ ತಂದರು. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೊಸಾಫ್ಟ್ ಸೇರಿ ಎಸ್‌ಆರ್‌ಜಿಬಿ ಅನ್ನೋ ಬಣ್ಣದ ಅಳತೆಗೋಲು ಪ್ರಸ್ತಾಪಿಸಿದವು. ಯಾವ ಅಂಕಿಗೆ ಎಂಥಾ ಕೆಂಪು, ಎಂಥಾ ಹಸಿರು ಅನ್ನೋದರ ಒಪ್ಪಂದ ಅದು. ಅದರಲ್ಲಿನ ಕೆಂಪು, ಹಸಿರು, ನೀಲಿಯ ಮೂಲಬಿಂದುಗಳನ್ನು ತಗೊಂಡಿದ್ದು ಎಚ್‌ಡಿ ಟಿವಿಗಾಗಿ 1990ರಲ್ಲಿ ಮಾಡಿದ ನಿಯಮದಿಂದ. ಇವತ್ತಿಗೂ ವೆಬ್‌ನಲ್ಲಿ, ಫೋನಿನಲ್ಲಿ ಸಾಮಾನ್ಯ ಚಿತ್ರದ ಬಣ್ಣದ ಭಾಷೆ ಇದೇ. ಟಿವಿ, ಮಾನಿಟರ್ ಎರಡೂ ಒಂದೇ ವರ್ಣಮಾಲೆ ಕಲಿತವು ಅನ್ನಿ. ಉಚ್ಚಾರಣೆ ಮಾತ್ರ ಬೇರೆಯಾಗಿ ಉಳೀತು.

ಈಗ ನಿಮ್ಮ 43 ಇಂಚಿನ ಟಿವಿಗೆ ಬರೋಣ. ಕೊಳವೆ ಹೋಯ್ತು, ಚಪ್ಪಟೆ ಪರದೆ ಬಂತು. ಒಳಗಿನ ಪ್ಯಾನೆಲ್ ಮಾನಿಟರಿನದಕ್ಕೆ ಹತ್ತಿರದ ಸಂಬಂಧಿ. ಆದರೆ ಅಭ್ಯಾಸಗಳು ಬಿಟ್ಟಿಲ್ಲ.

ಕೆಲವು ಟಿವಿಗಳು ಇವತ್ತಿಗೂ ಕೊಳವೆಯ ಕಾಲದ ನೆನಪಿನಲ್ಲಿ ಅಂಚು ಕತ್ತರಿಸುತ್ತವೆ. ಕತ್ತರಿಸಿದ್ದನ್ನು ಹಿಗ್ಗಿಸಿ ತೋರಿಸೋದ್ರಿಂದ ಯಾವ ಚುಕ್ಕೆಯೂ ತನ್ನ ಜಾಗದಲ್ಲಿರೋದಿಲ್ಲ. 1953ರ ಬಣ್ಣದ ಕಂಜೂಸುತನ ಈಗ 4:2:0 ಅನ್ನೋ ಹೆಸರಿನಲ್ಲಿ ಬದುಕಿದೆ. ನಾಲ್ಕು ಚುಕ್ಕೆಗೆ ಹೊಳಪು ನಾಲ್ಕು, ಬಣ್ಣ ಒಂದೇ. ಸಿನಿಮಾದಲ್ಲಿ ಗೊತ್ತೇ ಆಗಲ್ಲ. ಕಪ್ಪು ಹಿನ್ನೆಲೆ ಮೇಲೆ ತೆಳ್ಳನೆ ಕೆಂಪು ಗೆರೆ ಎಳೆದು ನೋಡಿ, ಗೆರೆ ಮಾಸಿ ಹೋಗುತ್ತೆ. 1982ರ ಡಿಜಿಟಲ್ ವಿಡಿಯೊ ನಿಯಮದಲ್ಲಿ ಕಪ್ಪು ಅಂದರೆ 16, ಬಿಳಿ ಅಂದರೆ 235. ಕಂಪ್ಯೂಟರಿಗೆ ಕಪ್ಪು 0, ಬಿಳಿ 255. ಕಂಪ್ಯೂಟರ್ ಒಂದು ಭಾಷೆಯಲ್ಲಿ ಹೇಳಿ ಟಿವಿ ಇನ್ನೊಂದರಲ್ಲಿ ಕೇಳಿಸಿಕೊಂಡರೆ 16ಕ್ಕಿಂತ ಕೆಳಗಿನ ನೆರಳೆಲ್ಲ ಒಂದೇ ಕಪ್ಪು ಗುಂಡಿ. ನೆರಳು ಕಾಣ್ತಿಲ್ಲ ಅಂತ ನೀವು ತಿಳಿ ಮಾಡ್ತಾ ಹೋಗ್ತೀರಿ. ಅದೇ ಚಿತ್ರ ಕ್ಲೈಂಟಿನ ಫೋನಿನಲ್ಲಿ ಬೂದಿ ಬಳಿದ ಹಾಗೆ ಕಾಣುತ್ತೆ.

‘ಶಾರ್ಪ್‌ನೆಸ್’ ಇನ್ನೊಂದು ಹಳೆ ಔಷಧಿ. ಮಸುಕಾದ ಪ್ರಸಾರದ ಸಂಕೇತಕ್ಕೆ ಅಂಚು ಕೊಡೋಕೆ ಹುಟ್ಟಿದ್ದು. ಕಂಪ್ಯೂಟರಿನ ಚಿತ್ರಕ್ಕೆ ಆ ಕಾಯಿಲೆ ಇಲ್ಲ, ಆದರೂ ಟಿವಿ ಔಷಧಿ ಹಾಕುತ್ತೆ. ಪ್ರತಿ ಗೆರೆಯ ಸುತ್ತ ತೆಳು ಬಿಳಿ ಪ್ರಭಾವಳಿ ಮೂಡುತ್ತೆ, ಇಲ್ಲದ ಚೂಪು ಇದೆ ಅನ್ನಿಸುತ್ತೆ. ಜೊತೆಗೆ ‘ವಿವಿಡ್’ ಅನ್ನೋ ಮೋಡ್. ಅಂಗಡಿಯ ಗೋಡೆ ಮೇಲೆ ಪಕ್ಕದ ಟಿವಿಗಿಂತ ಎದ್ದು ಕಾಣೋಕೆ ಮಾಡಿದ ಮೇಕಪ್ ಅದು. ಮದುವೆ ಮನೆಯ ಮೇಕಪ್ ನೋಡಿ ಮೈಬಣ್ಣ ಬರೆಯೋಕಾಗುತ್ತಾ?

ಹೊಸ ಕಾಲದ ಕಾಯಿಲೆಯೂ ಒಂದಿದೆ. ಹಳೆ ಕೊಳವೆ ಟಿವಿ ಸಂಕೇತ ಬಂದ ತಕ್ಷಣ ಮೂಡಿಸ್ತಿತ್ತು. ಈಗಿನದು ಚಿತ್ರವನ್ನು ಹಿಡಿದಿಟ್ಟುಕೊಂಡು, ಸಿಂಗರಿಸಿ, ಆಮೇಲೆ ತೋರಿಸುತ್ತೆ. ಈ ತಡ ಒಂದು ಸೆಕೆಂಡಿನ ಹತ್ತನೇ ಒಂದು ಭಾಗ ಅಂತಿಟ್ಟುಕೊಳ್ಳಿ. ಸೆಕೆಂಡಿಗೆ 10 ಸೆಂಟಿಮೀಟರ್ ವೇಗದಲ್ಲಿ ಗೆರೆ ಎಳೆದರೆ ಪರದೆಯ ಗೆರೆ ನಿಮ್ಮ ಪೆನ್ನಿಗಿಂತ ಒಂದು ಸೆಂಟಿಮೀಟರ್ ಹಿಂದಿರುತ್ತೆ. ಕೈ ಕಣ್ಣನ್ನು ನಂಬೋದು ಬಿಡುತ್ತೆ.

ಕೊನೆಗೆ ದೂರದ ಲೆಕ್ಕ. ಮೇಜಿನ ಮುಂದೆ 60 ಸೆಂಟಿಮೀಟರ್ ದೂರದಲ್ಲಿ ಕೂತಾಗ ಒಳ್ಳೆಯ ಕಣ್ಣು ಸುಮಾರು 0.17 ಮಿಲಿಮೀಟರಿನವರೆಗೆ ಬಿಡಿಬಿಡಿಯಾಗಿ ಗುರುತಿಸುತ್ತೆ. 27 ಇಂಚಿನ 4ಕೆ ಮಾನಿಟರಿನ ಚುಕ್ಕೆ 0.16 ಮಿಲಿಮೀಟರ್, ಅಂದ್ರೆ ಕಣ್ಣಿಗೆ ಕಾಣಿಸದಷ್ಟು. 43 ಇಂಚಿನ 4ಕೆ ಟಿವಿಯದು 0.25, ಪರವಾಗಿಲ್ಲ. 24 ಇಂಚಿನ ಸಾಮಾನ್ಯ ಫುಲ್ ಎಚ್‌ಡಿ ಮಾನಿಟರಿನದೂ 0.28 ತಾನೇ. 55 ಇಂಚಿನದಾದರೆ 0.32, 32 ಇಂಚಿನ ಫುಲ್ ಎಚ್‌ಡಿ ಟಿವಿಯದು 0.37, ಜಾಳುಜಾಳು. ಇನ್ನು 43 ಇಂಚಿನ ಪರದೆ ಅಗಲಕ್ಕೆ 95 ಸೆಂಟಿಮೀಟರ್. ಅಷ್ಟು ಹತ್ತಿರ ಕೂತರೆ ಮೂಲೆ ನೋಡೋಕೆ ಕತ್ತು ತಿರುಗಿಸಬೇಕು, ಎಷ್ಟೋ ಪ್ಯಾನೆಲ್‌ಗಳಲ್ಲಿ ಓರೆಯಾಗಿ ನೋಡಿದ ಮೂಲೆಯ ಬಣ್ಣವೇ ಬದಲಾಗಿರುತ್ತೆ. ಎಡಗೆನ್ನೆಗೆ ಬಳಿದ ಬಣ್ಣ ಬಲಗೆನ್ನೆಗೆ ಹೊಂದೋದಿಲ್ಲ.

ಹಾಗಾದರೆ ಟಿವಿ ಬೇಡವೇ ಬೇಡವಾ? ಹಾಗೇನಿಲ್ಲ. ಮನೆಯಲ್ಲಿ ಒಳ್ಳೆ 4ಕೆ ಟಿವಿ ಆಗಲೇ ಇದ್ದು, ಇನ್ನೂ ಕಲಿಯೋ ಹಂತದಲ್ಲಿದ್ದೀರಿ ಅಂದರೆ ದುಡ್ಡು ಉಳಿಸಿ. ಆ ಎಚ್‌ಡಿಎಂಐ ಇನ್‌ಪುಟ್‌ಗೆ ‘ಪಿಸಿ’ ಅಂತ ಹೆಸರು ಕೊಡಿ, ಎಷ್ಟೋ ಟಿವಿಗಳು ಆಗ ಮಾತ್ರ ಬಣ್ಣವನ್ನು ಪೂರ್ತಿ, ಅಂದ್ರೆ 4:4:4ರಲ್ಲಿ ತೋರಿಸುತ್ತವೆ. ಗೇಮ್ ಮೋಡ್ ಹಾಕಿ, ತಡ ಕಡಿಮೆಯಾಗುತ್ತೆ. ಓವರ್‌ಸ್ಕ್ಯಾನ್ ತೆಗೀರಿ, ಶಾರ್ಪ್‌ನೆಸ್ ತಟಸ್ಥ ಮಟ್ಟಕ್ಕೆ ತನ್ನಿ, ವಿವಿಡ್ ಬಿಟ್ಟು ಸಿನಿಮಾ ಅಥವಾ ಫಿಲ್ಮ್‌ಮೇಕರ್ ಥರದ ಬಣ್ಣಕ್ಕೆ ಹೋಗಿ. ಎರಡೂ ಕಡೆ ಕಪ್ಪಿನ ಅಳತೆ ಒಂದೇ ಇದೆಯಾ ನೋಡಿ. ಆಮೇಲೆ ಬರೆದದ್ದನ್ನು ಫೋನಿನಲ್ಲಿ ನೋಡೋ ಅಭ್ಯಾಸ ಇಟ್ಟುಕೊಳ್ಳಿ. ಆದರೆ ಚಿತ್ರಕ್ಕೆ ಯಾರಾದರೂ ದುಡ್ಡು ಕೊಡ್ತಿದ್ದಾರೆ, ಅಥವಾ ಸದ್ಯದಲ್ಲೇ ಕೊಡಲಿ ಅನ್ನೋ ಆಸೆ ಇದೆ ಅಂದರೆ ಹೊಸದಾಗಿ ಕೊಳ್ಳೋ ದುಡ್ಡು ಮಾನಿಟರಿಗೇ ಹೋಗಲಿ. ಇಂಚು ಕಮ್ಮಿಯಾದರೂ ಚಿಂತೆಯಿಲ್ಲ, ಎಸ್‌ಆರ್‌ಜಿಬಿಯನ್ನು ಪೂರ್ತಿ, ನಿಷ್ಠೆಯಿಂದ ತೋರಿಸೋ ಐಪಿಎಸ್ ಪ್ಯಾನೆಲ್ ಇರಲಿ.

ಪೇಂಟ್‌ಬಾಕ್ಸ್ ಕಾಲದ ಮಾತು ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, ಅದು ಇಲ್ಲಿ ಬರುತ್ತೆ. ಶೌಪ್ ಟಿವಿಯನ್ನು ಆರಿಸಿದ್ದು ಅದು ಒಳ್ಳೆಯ ಹಾಳೆ ಅಂತಲ್ಲ, ನೋಡೋರು ಅಲ್ಲಿದ್ದರು ಅಂತ. ಆ ತರ್ಕ ಇವತ್ತಿಗೂ ಸರಿ, ನೋಡೋರ ಜಾಗ ಮಾತ್ರ ಬದಲಾಗಿದೆ. ನಿಮ್ಮ ಚಿತ್ರ ನೋಡೋರು ಮೆಟ್ರೊದಲ್ಲಿ ನಿಂತು, ಅಂಗೈಯಗಲದ ಪರದೆಯನ್ನು ಮುಖದ ಹತ್ತಿರ ಹಿಡಿದುಕೊಂಡಿದ್ದಾರೆ. ಚುಕ್ಕೆ ಚುಕ್ಕೆಯೂ ಅವರಿಗೆ ಕಾಣುತ್ತೆ. ಮಹಡಿ ಮೇಲಿಂದ ರಂಗೋಲಿ ನೋಡ್ತಿದ್ದವರು ಕೆಳಗಿಳಿದು ಬಂದು ಪಕ್ಕದಲ್ಲೇ ಕೂತಿದ್ದಾರೆ. ಬರೆಯೋರೂ ಅಷ್ಟೇ ಹತ್ತಿರದಿಂದ ನೋಡಿ ಬರೆಯಬೇಕು.